ಹನ್ನೆರಡು ಹುಣಸೆ ಬೀಜಗಳಲ್ಲಿ ಕಾಲು ಭಾಗ ಎಷ್ಟು?

ಎಂಟು ವರ್ಷದ ಮಕ್ಕಳ ಮುಂದೆ ಹನ್ನೆರಡು ಹುಣಸೆ ಬೀಜಗಳನ್ನು ಹರಡಿ, ‘ಇದರಲ್ಲಿ ನಾಲ್ಕನೇ ಒಂದು ಭಾಗವನ್ನು ನನಗೆ ಕೊಡಿ’ ಎಂದು ಕೇಳಿದರೆ ಬರುವ ಉತ್ತರಗಳನ್ನು ಸ್ವಲ್ಪ ತಾಳ್ಮೆಯಿಂದ ಗಮನಿಸಬೇಕು. ಒಂದು ಮಗು ನಾಲ್ಕು ಬೀಜಗಳನ್ನು ಎತ್ತಿಕೊಡುತ್ತದೆ. ಇನ್ನೊಂದು ಮಗು ಒಂದೇ ಬೀಜವನ್ನು ಕೊಡುತ್ತದೆ. ಮತ್ತೊಂದು ಮಗು ಬೀಜಗಳನ್ನು ಸಾಲಾಗಿ ಜೋಡಿಸಿ, ಒಂದು, ಎರಡು, ಮೂರು ಎಂದು ಎಣಿಸಿ, ನಾಲ್ಕನೆಯ ಸ್ಥಾನದಲ್ಲಿರುವ ಬೀಜವನ್ನು ಆರಿಸಿ ಕೊಡುತ್ತದೆ. ಮೂರು ಬೀಜಗಳನ್ನು ಕೊಡುವ ಮಗುವೂ ಇರುತ್ತದೆ. ಮೊದಲ ಮೂರು ಉತ್ತರಗಳು ತಪ್ಪೇ ಆದರೂ ಅವುಗಳಲ್ಲಿ ಯಾವುದೂ ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. ಮೊದಲನೆಯ ಮಗು ಮಾತಿನಲ್ಲಿದ್ದ ‘ನಾಲ್ಕು’ ಎಂಬುದನ್ನು ಹಿಡಿಯಿತು, ಎರಡನೆಯದು ‘ಒಂದು’ ಎಂಬುದನ್ನು ಹಿಡಿಯಿತು, ಮೂರನೆಯದು ‘ನಾಲ್ಕನೇ ಮನೆ’, ‘ನಾಲ್ಕನೇ ತರಗತಿ’ ಎಂಬಲ್ಲಿ ‘ನಾಲ್ಕನೇ’ ಪದಕ್ಕೆ ಇರುವ ಅರ್ಥವನ್ನೇ ಇಲ್ಲಿಯೂ ಬಳಸಿತು. ಇದೇ ಮಕ್ಕಳ ಕೈಗೆ ಒಂದು ಚಪಾತಿಯನ್ನು ಕೊಟ್ಟು ಅದರ ನಾಲ್ಕನೇ ಒಂದು ಭಾಗವನ್ನು ಕೇಳಿದರೆ, ಬಹುತೇಕ ಮಕ್ಕಳು ಅದನ್ನು ಎರಡು ಸಲ ಮಡಿಸಿ ಸರಿಯಾಗಿ ಹರಿದುಕೊಡುತ್ತಾರೆ. ಚಪಾತಿಯಲ್ಲಿ ತಿಳಿದದ್ದು ಬೀಜಗಳಲ್ಲಿ ಏಕೆ ತಿಳಿಯದೆ ಹೋಗುತ್ತದೆ ಎಂಬ ಪ್ರಶ್ನೆಯಿಂದಲೇ ಗುಂಪಿನ ಭಿನ್ನರಾಶಿಯ ಬೋಧನೆ ಆರಂಭವಾಗಬೇಕು.

ಚಪಾತಿ ತಾನಾಗಿಯೇ ಒಂದು ವಸ್ತು. ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಹಾಗಾಗಿ ‘ಪೂರ್ಣ’ ಯಾವುದು ಎಂಬ ಸಂಶಯ ಮಗುವಿಗೆ ಬರುವುದಿಲ್ಲ. ಹನ್ನೆರಡು ಬೀಜಗಳಾದರೋ ಮಗುವಿನ ಕಣ್ಣಿಗೆ ಹನ್ನೆರಡು ಪೂರ್ಣಗಳು. ಎರಡು ಮೂರು ವರ್ಷಗಳ ಕಾಲ ನಾವೇ ಅದಕ್ಕೆ ಬೀಜಗಳನ್ನು ಬಿಡಿಬಿಡಿಯಾಗಿ ಎಣಿಸಲು ಕಲಿಸಿರುತ್ತೇವೆ. ಈಗ ಇದ್ದಕ್ಕಿದ್ದಂತೆ ಆ ಹನ್ನೆರಡನ್ನೂ ಸೇರಿಸಿ ‘ಒಂದು’ ಎಂದು ಭಾವಿಸು, ಆ ಒಂದರಲ್ಲಿ ಭಾಗ ಮಾಡು, ಬಂದ ಭಾಗದಲ್ಲಿ ಮತ್ತೆ ಮೂರು ಬೀಜಗಳಿವೆ ಎಂದು ಎಣಿಸು ಎಂದು ಹೇಳುತ್ತೇವೆ. ಒಂದೇ ಬೀಜರಾಶಿಯನ್ನು ಏಕಕಾಲಕ್ಕೆ ಹನ್ನೆರಡಾಗಿಯೂ, ನಾಲ್ಕಾಗಿಯೂ, ಒಂದಾಗಿಯೂ ನೋಡಬೇಕಾದ ಕೆಲಸ ಇದು. ವಯಸ್ಕರಿಗೆ ಇದು ಅಭ್ಯಾಸವಾಗಿ ಹೋಗಿರುವುದರಿಂದ ಇದರ ಕಷ್ಟ ಕಾಣುವುದಿಲ್ಲ. ಭಿನ್ನ ಎಂದರೆ ಒಡೆದದ್ದು, ರಾಶಿ ಎಂದರೆ ಗುಡ್ಡೆ. ‘ಭಿನ್ನರಾಶಿ’ ಎಂಬ ಪದದಲ್ಲಿ ಎರಡೂ ಇದ್ದರೂ ನಮ್ಮ ತರಗತಿಗಳು ಒಡೆಯುವುದಕ್ಕೆ ಕೊಟ್ಟಷ್ಟು ಗಮನವನ್ನು ರಾಶಿಗೆ ಕೊಡುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಭಾಗ ಮಾಡುವುದಕ್ಕಿಂತ ಮೊದಲು ಗುಂಪನ್ನು ಒಂದಾಗಿಸಬೇಕು. ಬೀಜಗಳ ಸುತ್ತ ದಾರದ ಒಂದು ಸುತ್ತನ್ನು ಇಡುವುದು, ಅಥವಾ ಅವನ್ನು ಒಂದು ತಟ್ಟೆಗೆ ಹಾಕಿ ‘ಈ ತಟ್ಟೆಯಲ್ಲಿರುವುದೆಲ್ಲ ಸೇರಿ ನಮ್ಮ ಪೂರ್ಣ’ ಎಂದು ಹೇಳುವುದು ಸಣ್ಣ ಕೆಲಸದಂತೆ ಕಂಡರೂ, ಮೊದಲ ವಾರಗಳಲ್ಲಿ ಅದನ್ನು ಎಂದೂ ಬಿಡಬಾರದು. ಭಾಷೆಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಅನೇಕ ವಸ್ತುಗಳ ಗುಂಪಿಗೆ ಕನ್ನಡದಲ್ಲಿ ಒಂದೇ ಹೆಸರಿದೆ: ಸೊಪ್ಪಿನ ಕಟ್ಟು, ದ್ರಾಕ್ಷಿಯ ಗೊಂಚಲು, ಬಳೆಗಳ ಡಜನ್. ಬಾಳೆಗೊನೆಯಂತೂ ಇದಕ್ಕಾಗಿಯೇ ಹೇಳಿ ಮಾಡಿಸಿದಂತಿದೆ, ಏಕೆಂದರೆ ಗೊನೆಯನ್ನು ಪೂರ್ಣ ಎಂದುಕೊಂಡರೆ ಚಿಪ್ಪು ಅದರ ಭಾಗವಾಗುತ್ತದೆ, ಚಿಪ್ಪನ್ನೇ ಪೂರ್ಣ ಎಂದುಕೊಂಡರೆ ಒಂದು ಹಣ್ಣು ಅದರ ಭಾಗವಾಗುತ್ತದೆ. ಮನೆಯಲ್ಲಿ ಅಳಗುಳಿ ಮಣೆ ಇದ್ದರೆ, ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳು, ಗುಳಿಗೆ ನಾಲ್ಕರಂತೆ 56 ಬೀಜಗಳಿರುವ ಆ ಮಣೆಯಲ್ಲಿಯೂ ಇದೇ ಪಾಠವಿದೆ: ಆಟಗಾರನ ಒಂದು ಸಾಲು ಮಣೆಯ ಅರ್ಧ, ಒಂದು ಬೀಜ ಗುಳಿಯ ಕಾಲು. ‘ಯಾವುದರ ಕಾಲು?’ ಎಂಬ ಪ್ರಶ್ನೆಯನ್ನು ಕೇಳದೆ ‘ಕಾಲು’ ಎಂಬ ಮಾತಿಗೆ ಅರ್ಥವಿಲ್ಲ ಎಂಬುದು ಮಗುವಿಗೆ ಹೀಗೆ ಆಟದಲ್ಲಿಯೇ ತಿಳಿಯಲಿ. ಬೀಜಗಳನ್ನು ಆರಿಸುವಾಗ ಒಂದು ಎಚ್ಚರಿಕೆ ಅಗತ್ಯ: ನೋಡಲು ಚೆಂದವೆಂದು ಗುಲಗಂಜಿಯನ್ನು ಮಕ್ಕಳ ಕೈಗೆ ಕೊಡಬಾರದು, ಅದನ್ನು ಅಗಿದರೆ ವಿಷ. ಹುಣಸೆ ಬೀಜ, ಕಡಲೆಕಾಯಿ, ಬಾಟಲಿಯ ಮುಚ್ಚಳ, ಯಾವುದಾದರೂ ಆಗುತ್ತದೆ.

ಗುಂಪು ಒಂದಾದ ನಂತರ ಹಂಚಿಕೆ ಬರುತ್ತದೆ. ಹಂಚಿಕೊಳ್ಳುವುದು ಶಾಲೆಗೆ ಬರುವ ಮೊದಲೇ ಎಲ್ಲ ಮಕ್ಕಳಿಗೂ ಗೊತ್ತಿರುವ ಕೆಲಸ. ಸಮನಾಗಿ ಹಂಚದಿದ್ದರೆ ಜಗಳವಾಗುತ್ತದೆ ಎಂಬುದೂ ಅವರಿಗೆ ಗೊತ್ತು. ನಾಲ್ಕು ಮಕ್ಕಳನ್ನು ಕೂರಿಸಿ ಹನ್ನೆರಡು ಬೀಜಗಳನ್ನು ‘ನಿನಗೊಂದು, ನಿನಗೊಂದು’ ಎಂದು ಸುತ್ತು ಸುತ್ತಾಗಿ ಹಂಚಿಸಬೇಕು. ಮೂರು ಸುತ್ತುಗಳಲ್ಲಿ ಬೀಜಗಳು ಮುಗಿಯುತ್ತವೆ ಮತ್ತು ಪ್ರತಿಯೊಬ್ಬರ ಮುಂದೆ ಮೂರು ಬೀಜಗಳಿರುತ್ತವೆ. ಈ ಹಂತದಲ್ಲಿ ಭಿನ್ನರಾಶಿ ಎಂಬ ಪದವೂ ಬೇಡ, ಅಡ್ಡಗೆರೆಯೂ ಬೇಡ. ‘ನಾಲ್ಕು ಸಮ ಪಾಲುಗಳಾದವು, ಅವುಗಳಲ್ಲಿ ಒಂದು ಪಾಲು ನಿನ್ನದು, ಆ ಪಾಲಿನಲ್ಲಿ ಮೂರು ಬೀಜಗಳಿವೆ’ ಎಂಬ ಮೂರು ತುಣುಕುಗಳ ವಾಕ್ಯವನ್ನು ಮಗು ತನ್ನದೇ ಬಾಯಿಂದ ಹೇಳಿದರೆ ಸಾಕು. ಪಾಲುಗಳ ಸಂಖ್ಯೆ ಬೇರೆ, ಪಾಲಿನೊಳಗಿನ ಬೀಜಗಳ ಸಂಖ್ಯೆ ಬೇರೆ. ಆರಂಭದಲ್ಲಿ ನೋಡಿದ ತಪ್ಪುಗಳಲ್ಲಿ ಮೊದಲೆರಡು ಇವೆರಡನ್ನು ಬೆರೆಸಿದ್ದರಿಂದಲೇ ಹುಟ್ಟಿದವು.

ಈ ಹಂಚಿಕೆಯಲ್ಲಿ ಒಂದು ಸೊಗಸಾದ ಸಂಗತಿ ಅಡಗಿದೆ, ಮತ್ತು ಅದನ್ನು ಅವಸರದಿಂದ ದಾಟಿ ಹೋಗಬಾರದು. ಹನ್ನೆರಡರ ಕಾಲು ಭಾಗವನ್ನು ಎರಡು ರೀತಿಯಲ್ಲಿ ಪಡೆಯಬಹುದು. ಬೀಜಗಳನ್ನು ನಾಲ್ಕು ಸಮ ಗುಡ್ಡೆಗಳಾಗಿ ಮಾಡಿ ಒಂದು ಗುಡ್ಡೆಯನ್ನು ತೆಗೆದುಕೊಳ್ಳುವುದು ಒಂದು ರೀತಿ. ಬೀಜಗಳನ್ನು ನಾಲ್ಕು ನಾಲ್ಕರ ಕಂತೆಗಳಾಗಿ ಮಾಡಿ ಪ್ರತಿಯೊಂದು ಕಂತೆಯಿಂದಲೂ ಒಂದೊಂದು ಬೀಜವನ್ನು ತೆಗೆದುಕೊಳ್ಳುವುದು ಇನ್ನೊಂದು ರೀತಿ. ‘ನಾಲ್ಕರಲ್ಲಿ ಒಂದು’ ಎಂಬ ಆಡುಮಾತು ಸೂಚಿಸುವುದು ಇದನ್ನೇ. ಮೊದಲನೆಯದರಲ್ಲಿ ನಾಲ್ಕು ಗುಡ್ಡೆಗಳಿದ್ದು ಒಂದೊಂದರಲ್ಲಿ ಮೂರು ಬೀಜಗಳಿವೆ, ಎರಡನೆಯದರಲ್ಲಿ ಮೂರು ಕಂತೆಗಳಿದ್ದು ಒಂದೊಂದರಲ್ಲಿ ನಾಲ್ಕು ಬೀಜಗಳಿವೆ, ಆದರೂ ಎರಡರಲ್ಲಿಯೂ ಕೈಗೆ ಬರುವುದು ಮೂರೇ ಬೀಜ. ಏಕೆ? ಸುತ್ತು ಸುತ್ತಾಗಿ ಹಂಚಿದ್ದನ್ನು ನೆನಪಿಸಿಕೊಂಡರೆ ಕಾರಣ ಅಲ್ಲಿಯೇ ಇದೆ. ಪ್ರತಿಯೊಂದು ಸುತ್ತಿನಲ್ಲಿಯೂ ನಾಲ್ಕು ಬೀಜಗಳು ತಟ್ಟೆಯಿಂದ ಹೊರಗೆ ಹೋಗುತ್ತವೆ, ಅವುಗಳಲ್ಲಿ ಒಂದು ನನ್ನ ಪಾಲಿಗೆ ಬರುತ್ತದೆ. ಅಂದರೆ ಒಂದು ಸುತ್ತು ಎಂದರೆ ನಾಲ್ಕರ ಒಂದು ಕಂತೆ. ಎಷ್ಟು ಸುತ್ತುಗಳಾದವೋ ಅಷ್ಟು ಬೀಜಗಳು ನನ್ನ ಗುಡ್ಡೆಯಲ್ಲಿರುತ್ತವೆ. ಈ ಮಾತನ್ನು ಕರಿಹಲಗೆಯ ಮೇಲೆ ಬರೆದು ತಿಳಿಸುವುದು ಕಷ್ಟ, ನೆಲದ ಮೇಲೆ ಬೀಜಗಳನ್ನು ಹಂಚುತ್ತಾ ತೋರಿಸುವುದು ಬಹಳ ಸುಲಭ.

ಪಾಲುಗಳು ಸಮನಾಗಿವೆಯೇ ಎಂಬುದನ್ನು ಮಗು ಕಣ್ಣಳತೆಯಿಂದ ನಿರ್ಧರಿಸದಂತೆಯೂ ನೋಡಿಕೊಳ್ಳಬೇಕು. ಸಮ ಸಂಖ್ಯೆಯ ವಸ್ತುಗಳ ಎರಡು ಸಾಲುಗಳಲ್ಲಿ ಒಂದನ್ನು ಸ್ವಲ್ಪ ದೂರ ದೂರ ಹರಡಿದರೆ, ಚಿಕ್ಕ ಮಕ್ಕಳು ಉದ್ದ ಕಾಣುವ ಸಾಲಿನಲ್ಲಿಯೇ ಹೆಚ್ಚು ವಸ್ತುಗಳಿವೆ ಎನ್ನುವುದನ್ನು ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ತೋರಿಸಿದ್ದರು. ಹರಡಿದ ಗುಡ್ಡೆ ದೊಡ್ಡದು, ಒತ್ತಾಗಿರುವ ಗುಡ್ಡೆ ಚಿಕ್ಕದು ಎಂದು ಭಾವಿಸುವ ಮಗುವಿಗೆ ‘ಸಮ ಪಾಲು’ ಎಂಬ ಮಾತು ಇನ್ನೂ ಗಟ್ಟಿಯಾಗಿಲ್ಲ. ಅದು ಎರಡು ಗುಡ್ಡೆಗಳ ಬೀಜಗಳನ್ನು ಒಂದಕ್ಕೊಂದು ಜೋಡಿ ಮಾಡಿ ನೋಡಲಿ.

ಈಗ ಮಾತಿನ ವಿಷಯಕ್ಕೆ ಬರೋಣ. 3/4 ಎಂಬುದನ್ನು ಕನ್ನಡದಲ್ಲಿ ‘ನಾಲ್ಕನೇ ಮೂರು’ ಎಂದು ಓದುತ್ತೇವೆ. ಇಲ್ಲಿ ಛೇದ ಮೊದಲು ಬರುತ್ತದೆ, ಅಂಶ ನಂತರ ಬರುತ್ತದೆ, ಮತ್ತು ಕೈಯಿಂದ ಮಾಡುವ ಕೆಲಸದ ಕ್ರಮವೂ ಇದೇ ಆಗಿದೆ: ಮೊದಲು ನಾಲ್ಕು ಪಾಲು ಮಾಡು, ಆಮೇಲೆ ಮೂರು ಪಾಲು ತೆಗೆದುಕೋ. ಇಷ್ಟು ಅನುಕೂಲವಾದ ಕ್ರಮವನ್ನು ಬಿಟ್ಟು ಮೊದಲ ದಿನದಿಂದಲೇ ‘ಮೂರು ಬೈ ನಾಲ್ಕು’ ಎಂದು ಹೇಳಿಸುವುದರಿಂದ ಮಗುವಿಗೆ ಎರಡು ಬಿಡಿ ಸಂಖ್ಯೆಗಳು ಮತ್ತು ನಡುವೆ ಒಂದು ಗೆರೆ ಮಾತ್ರ ದಕ್ಕುತ್ತವೆ. ಆದರೆ ‘ನಾಲ್ಕನೇ’ ಎಂಬ ರೂಪ ಸ್ಥಾನವನ್ನೂ ಸೂಚಿಸುವುದರಿಂದ, ಮೊದಲ ಕೆಲವು ದಿನ ‘ನಾಲ್ಕು ಸಮ ಪಾಲುಗಳಲ್ಲಿ ಮೂರು ಪಾಲು’ ಎಂದು ಉದ್ದವಾಗಿಯೇ ಹೇಳಿ, ಅದರ ಸಂಕ್ಷಿಪ್ತ ರೂಪವಾಗಿ ‘ನಾಲ್ಕನೇ ಮೂರು’ ಎಂಬುದನ್ನು ತರುವುದು ಒಳ್ಳೆಯದು. ಬರೆಯುವಾಗಲೂ ಇದೇ ಕ್ರಮವನ್ನು ಪಾಲಿಸಬಹುದು: ಮೊದಲು ಗೆರೆ ಎಳೆದು, ಕೆಳಗೆ ಪಾಲುಗಳ ಸಂಖ್ಯೆಯಾದ 4 ಬರೆದು, ಕೊನೆಯಲ್ಲಿ ಮೇಲೆ 3 ಬರೆಯಬೇಕು. ಅಂಶ, ಛೇದ ಎಂಬ ಪಾರಿಭಾಷಿಕ ಪದಗಳು ಆಮೇಲೆ ಬಂದರೂ ನಷ್ಟವಿಲ್ಲ.

ಕಾಲು, ಅರೆ, ಮುಕ್ಕಾಲು ಎಂಬ ಪದಗಳು ಮಗುವಿನ ಕಿವಿಗೆ ಮನೆಯಲ್ಲಿಯೇ ಬಿದ್ದಿರುತ್ತವೆ. ಮೂರು ಕಾಲು ಸೇರಿ ಮುಕ್ಕಾಲು ಎಂಬುದು ಪದದಲ್ಲಿಯೇ ಇದೆ. ಮೇಜಿಗೆ ನಾಲ್ಕು ಕಾಲುಗಳು, ಅವುಗಳಲ್ಲಿ ಒಂದು ಕಾಲು ಎಂದರೆ ಮೇಜಿನ ಕಾಲುಗಳ ಗುಂಪಿನಲ್ಲಿ ಕಾಲು ಭಾಗ ಎಂದು ಹೇಳಿದರೆ ಮಕ್ಕಳು ನಗುತ್ತಾರೆ ಮತ್ತು ಅದನ್ನು ಮರೆಯುವುದಿಲ್ಲ. ಸಂಸ್ಕೃತದ ‘ಪಾದ’ಕ್ಕೂ ಹೆಜ್ಜೆಯಿಡುವ ಪಾದ ಮತ್ತು ನಾಲ್ಕನೇ ಒಂದು ಭಾಗ ಎಂಬ ಎರಡೂ ಅರ್ಥಗಳಿವೆ. ಹಿಂದಿನವರಿಗೆ ರೂಪಾಯಿಯೂ ಒಂದು ಗುಂಪೇ ಆಗಿತ್ತು. 1957ರಲ್ಲಿ ದಶಮಾಂಶ ನಾಣ್ಯ ಪದ್ಧತಿ ಬರುವವರೆಗೆ ಹದಿನಾರು ಆಣೆಗಳು ಸೇರಿ ಒಂದು ರೂಪಾಯಿ, ಆದ್ದರಿಂದ ಕಾಲು ರೂಪಾಯಿ ಎಂದರೆ ನಾಲ್ಕಾಣೆ, ಅರ್ಧ ಎಂದರೆ ಎಂಟಾಣೆ. ಹದಿನಾರನೇ ಒಂದು ಭಾಗಕ್ಕೆ ‘ವೀಸ’ ಎಂಬ ಹೆಸರೇ ಇತ್ತು. ಆಣೆ ಹೋದ ನಂತರವೂ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ ಎಂದೇ ಕರೆಯುತ್ತಿದ್ದರು. 2011ರ ಜೂನ್ ಕೊನೆಗೆ ಆ ನಾಣ್ಯದ ಚಲಾವಣೆಯೂ ನಿಂತಿತು. ‘ಹದಿನಾರಾಣೆ ಸತ್ಯ’ ಎಂದು ಅಜ್ಜಿ ಹೇಳಿದಾಗ ಅದು ಪೂರ್ತಿ ಸತ್ಯ ಏಕೆ ಎಂದು ಮೊಮ್ಮಕ್ಕಳಿಗೆ ವಿವರಿಸುವುದು ಭಿನ್ನರಾಶಿಯ ಒಳ್ಳೆಯ ಪಾಠವೇ ಆಗುತ್ತದೆ.

ಗುಂಪಿನ ಭಿನ್ನರಾಶಿಯಲ್ಲಿ ವಸ್ತುಗಳು ಒಂದೇ ಗಾತ್ರದವಾಗಿರಬೇಕೇ ಎಂಬ ಪ್ರಶ್ನೆಯನ್ನು ಜಾಣ ಮಗು ಕೇಳಿಯೇ ಕೇಳುತ್ತದೆ. ಚಪಾತಿಯ ಪಾಠದಲ್ಲಿ ತುಂಡುಗಳು ಸಮನಾಗಿರಲೇಬೇಕು ಎಂದು ಒತ್ತಿ ಹೇಳಿದವರು ನಾವೇ. ಅಜ್ಜಿ, ಅಪ್ಪ, ಅಮ್ಮ, ಮಗು ಇರುವ ಮನೆಯಲ್ಲಿ ಮಗು ಮನೆಯವರ ಕಾಲು ಭಾಗ. ಅದರ ಎತ್ತರವಾಗಲಿ ತೂಕವಾಗಲಿ ಇಲ್ಲಿ ಲೆಕ್ಕಕ್ಕಿಲ್ಲ, ಏಕೆಂದರೆ ನಾವು ಅಳೆಯುತ್ತಿರುವುದು ತಲೆಗಳ ಎಣಿಕೆಯನ್ನು. ಆದರೆ ದೊಡ್ಡ ಲಾಡು ಎರಡು, ಪುಟ್ಟ ಲಾಡು ಎರಡು ಇದ್ದಾಗ ‘ನಿನಗೆ ಎರಡು, ನನಗೆ ಎರಡು, ಅರ್ಧ ಅರ್ಧ’ ಎಂದು ಅಣ್ಣ ದೊಡ್ಡವೆರಡನ್ನು ಎತ್ತಿಕೊಂಡರೆ ತಂಗಿ ಒಪ್ಪುವುದಿಲ್ಲ, ಮತ್ತು ಅವಳ ಆಕ್ಷೇಪ ಗಣಿತದ ದೃಷ್ಟಿಯಿಂದಲೂ ಸರಿಯೇ. ಎಣಿಕೆಯಲ್ಲಿ ಅರ್ಧವಾದದ್ದು ತೂಕದಲ್ಲಿ ಅರ್ಧವಾಗಬೇಕಿಲ್ಲ. ಯಾವುದನ್ನು ಅಳೆಯುತ್ತಿದ್ದೇವೆ ಎಂಬುದನ್ನು ಮೊದಲೇ ಹೇಳಿಬಿಡುವುದೇ ಇದಕ್ಕೆ ಪರಿಹಾರ.

ಇನ್ನೊಂದು ಸಾಮಾನ್ಯ ತೊಡಕು ಬಣ್ಣಗಳದ್ದು. ಮೂರು ಕೆಂಪು ಗೋಲಿ, ಎರಡು ನೀಲಿ ಗೋಲಿಗಳನ್ನು ಇಟ್ಟು ಕೆಂಪು ಗೋಲಿಗಳು ಎಷ್ಟನೇ ಭಾಗ ಎಂದು ಕೇಳಿದರೆ ಅನೇಕ ಮಕ್ಕಳು 3/5ರ ಬದಲು 3/2 ಎಂದು ಬರೆಯುತ್ತಾರೆ. ಕೆಂಪನ್ನು ಎಣಿಸಿದ ಮೇಲೆ ಅದು ಮನಸ್ಸಿನಲ್ಲಿ ಪಕ್ಕಕ್ಕೆ ಸರಿದುಹೋಗಿ, ಉಳಿದ ನೀಲಿಯೇ ಎದುರಿಗೆ ಕಾಣುತ್ತದೆ. ಭಾಗವು ಪೂರ್ಣದ ಒಳಗೇ ಇದೆ ಎಂಬುದು ಮರೆತುಹೋಗುತ್ತದೆ. ದಾರದ ಸುತ್ತು ಇಲ್ಲಿ ಮತ್ತೊಮ್ಮೆ ಕೆಲಸಕ್ಕೆ ಬರುತ್ತದೆ. ಮೊದಲು ಸುತ್ತಿನೊಳಗಿನ ಎಲ್ಲವನ್ನೂ ಎಣಿಸಿ ಐದು ಎಂದು ಕೆಳಗೆ ಬರೆ, ಆಮೇಲೆ ಕೆಂಪನ್ನು ಎಣಿಸಿ ಮೂರು ಎಂದು ಮೇಲೆ ಬರೆ ಎಂದು ಹೇಳಿದರೆ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ಹನ್ನೆರಡು ಬೀಜಗಳನ್ನು ಸಾಲಿಗೆ ನಾಲ್ಕರಂತೆ ಮೂರು ಸಾಲುಗಳಲ್ಲಿ ಜೋಡಿಸಿದರೆ, ಒಂದು ಸಾಲು ಗುಂಪಿನ 1/3. ಅದೇ ಬೀಜಗಳನ್ನು ಎರಡೆರಡರ ಜೋಡಿಗಳಾಗಿ ನೋಡಿದರೆ ಒಟ್ಟು ಆರು ಜೋಡಿಗಳು, ಆ ಸಾಲಿನಲ್ಲಿರುವುದು ಎರಡು ಜೋಡಿ, ಆದ್ದರಿಂದ 2/6. ಬಿಡಿಬಿಡಿಯಾಗಿ ಎಣಿಸಿದರೆ ಹನ್ನೆರಡರಲ್ಲಿ ನಾಲ್ಕು, ಅಂದರೆ 4/12. ಒಂದು ಬೀಜವೂ ಜಾಗ ಬಿಟ್ಟು ಕದಲಿಲ್ಲ, ನಡುವೆ ಇಟ್ಟ ಕಡ್ಡಿಗಳು ಮಾತ್ರ ಬದಲಾದವು. ಸಮಾನ ಭಿನ್ನರಾಶಿಗಳನ್ನು ‘ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸು’ ಎಂಬ ನಿಯಮವಾಗಿ ಕಲಿಯುವ ಮೊದಲು ಹೀಗೆ ನೋಡಿದ ಮಗುವಿಗೆ ಆ ನಿಯಮ ತಾನು ಕಂಡದ್ದರ ಹೆಸರಿನಂತೆ ತೋರುತ್ತದೆ. ಈ ವಿಷಯದಲ್ಲಿ ಬೀಜಗಳು ಚಪಾತಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹರಿದ ಚಪಾತಿಯನ್ನು ಮತ್ತೆ ಬೇರೆ ರೀತಿಯಲ್ಲಿ ಹರಿಯಲಾಗುವುದಿಲ್ಲ.

ಸಂಖ್ಯೆಗಳ ಆಯ್ಕೆಯೂ ಮುಖ್ಯ. ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು ಎಲ್ಲಕ್ಕೂ ಒಗ್ಗುವ 12 ಮತ್ತು 24 ಆರಂಭಕ್ಕೆ ಸೂಕ್ತ. ಅನಂತರ ಬೇಕೆಂದೇ ಹತ್ತು ಬೀಜಗಳನ್ನು ಕೊಟ್ಟು ಕಾಲು ಭಾಗವನ್ನು ಕೇಳಬೇಕು. ಎರಡೆರಡು ಹಂಚಿದ ಮೇಲೆ ಎರಡು ಉಳಿಯುತ್ತವೆ, ಬೀಜವನ್ನು ಕತ್ತರಿಸಲಾಗದು. ಬೀಜದ ಜಾಗದಲ್ಲಿ ಹತ್ತು ಹೋಳಿಗೆಗಳಿದ್ದರೆ? ಉಳಿದ ಎರಡನ್ನು ತಲಾ ಅರ್ಧ ಮಾಡಿ ಹಂಚಿ, ಒಬ್ಬೊಬ್ಬರಿಗೆ ಎರಡೂವರೆ ಹೋಳಿಗೆ ಬಂದಾಗ, ಗುಂಪಿನ ಭಾಗ ಮತ್ತು ವಸ್ತುವಿನ ಭಾಗ ಎಂಬ ಎರಡು ಪಾಠಗಳು ಒಂದೇ ತಟ್ಟೆಯಲ್ಲಿ ಕೂಡಿಕೊಳ್ಳುತ್ತವೆ.

ಇಷ್ಟೆಲ್ಲ ಗುಣಗಳಿರುವ ಗುಂಪಿನ ಮಾದರಿ ಒಂದು ಕಡೆ ಮಾತ್ರ ದಾರಿ ತಪ್ಪಿಸುತ್ತದೆ, ಮತ್ತು ಅದನ್ನು ಶಿಕ್ಷಕರು ಮೊದಲೇ ತಿಳಿದಿರಬೇಕು. ಒಂದು ತಟ್ಟೆಯಲ್ಲಿ ಎರಡು ಬೀಜಗಳಿದ್ದು ಅವುಗಳಲ್ಲಿ ಒಂದು ಕಪ್ಪು, ಅಂದರೆ 1/2. ಇನ್ನೊಂದರಲ್ಲಿ ಮೂರು ಬೀಜಗಳಿದ್ದು ಅವುಗಳಲ್ಲಿ ಒಂದು ಕಪ್ಪು, ಅಂದರೆ 1/3. ಎರಡನ್ನೂ ಒಂದೇ ತಟ್ಟೆಗೆ ಸುರಿದರೆ ಐದರಲ್ಲಿ ಎರಡು ಕಪ್ಪು. ಹಾಗಾದರೆ 1/2 ಮತ್ತು 1/3 ಸೇರಿ 2/5 ಎಂದು ಮಗು ಹೇಳಿದರೆ, ಕಣ್ಣೆದುರಿನ ಸಾಕ್ಷಿಯೇ ಅದರ ಪರವಾಗಿ ನಿಲ್ಲುತ್ತದೆ. ನಾವು ಉತ್ತರ ಪತ್ರಿಕೆಯ ಮೇಲೆ ಅಂಕಗಳನ್ನು ಬರೆಯುವ ರೀತಿಯೂ ಇದಕ್ಕೆ ನೀರೆರೆಯುತ್ತದೆ: ಒಂದು ಪರೀಕ್ಷೆಯಲ್ಲಿ 8/10, ಇನ್ನೊಂದರಲ್ಲಿ 7/20 ಬಂದರೆ ಒಟ್ಟು 15/30 ಎಂದು ಶಿಕ್ಷಕರೇ ಕೂಡಿಸಿ ಬರೆಯುತ್ತಾರೆ, ಮತ್ತು ಅಂಕಗಳ ಲೆಕ್ಕಕ್ಕೆ ಅದು ಸರಿಯೂ ಆಗಿದೆ. ಮಗುವಿಗೆ ತೋರಿಸಬೇಕಾದದ್ದು ಇಷ್ಟು: 2/5 ಎಂಬುದು ಅರ್ಧಕ್ಕಿಂತ ಕಡಿಮೆ, ಅರ್ಧಕ್ಕೆ ಇನ್ನೂ ಏನನ್ನೋ ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗಲು ಹೇಗೆ ಸಾಧ್ಯ? ಎರಡು ಬೀಜಗಳ ಪೂರ್ಣ, ಮೂರು ಬೀಜಗಳ ಪೂರ್ಣ, ಐದು ಬೀಜಗಳ ಪೂರ್ಣ ಎಂದು ನಡುವೆ ಪೂರ್ಣವೇ ಬದಲಾಗುತ್ತಾ ಹೋಯಿತು. ಕೂಡಿಸಬೇಕಾದರೆ ಎರಡೂ ಒಂದೇ ಪೂರ್ಣದ ಭಾಗಗಳಾಗಿರಬೇಕು. ಆರು ಬೀಜಗಳ ಗುಂಪನ್ನು ತೆಗೆದುಕೊಂಡರೆ ಅದರ ಅರ್ಧ ಮೂರು, ಮೂರನೇ ಒಂದು ಭಾಗ ಎರಡು, ಒಟ್ಟು ಆರರಲ್ಲಿ ಐದು, ಅಂದರೆ 5/6.

ಈ ತಪ್ಪು ಸಣ್ಣ ಮಕ್ಕಳಲ್ಲಿಯೇ ಉಳಿದು ಹೋಗುವಂಥದ್ದಲ್ಲ. ಅಮೆರಿಕದಲ್ಲಿ 1978ರಲ್ಲಿ ನಡೆದ ರಾಷ್ಟ್ರಮಟ್ಟದ ಗಣಿತ ಪರೀಕ್ಷೆಯೊಂದರಲ್ಲಿ 12/13 ಮತ್ತು 7/8ರ ಮೊತ್ತ 1, 2, 19, 21 ಇವುಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಹದಿಮೂರು ವರ್ಷದವರನ್ನು ಕೇಳಲಾಗಿತ್ತು. ಎರಡೂ ಭಿನ್ನರಾಶಿಗಳು ಒಂದಕ್ಕೆ ತೀರಾ ಹತ್ತಿರವಿರುವುದರಿಂದ ಉತ್ತರ 2 ಎಂದು ಲೆಕ್ಕ ಮಾಡದೆಯೇ ಹೇಳಬಹುದು. ಹಾಗೆ ಹೇಳಿದವರು ಶೇಕಡಾ 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿ 19 ಅಥವಾ 21 ಎಂದು ಆರಿಸಿದ್ದರು, ಅಂದರೆ ಅಂಶಗಳನ್ನು ಮಾತ್ರ ಇಲ್ಲವೇ ಛೇದಗಳನ್ನು ಮಾತ್ರ ಕೂಡಿಸಿದ್ದರು. ಭಿನ್ನರಾಶಿಯೂ ತನ್ನದೇ ಬೆಲೆಯುಳ್ಳ ಒಂದು ಸಂಖ್ಯೆ ಎಂಬ ಅರಿವು ಬೀಜಗಳಿಂದ ಮಾತ್ರ ಬರುವುದಿಲ್ಲ. ಅದಕ್ಕೆ ದಾರವನ್ನೋ ಕಾಗದದ ಪಟ್ಟಿಯನ್ನೋ ಮಡಿಸಿ, ಸೊನ್ನೆ ಮತ್ತು ಒಂದರ ನಡುವೆ 3/4 ಎಲ್ಲಿ ಬರುತ್ತದೆ ಎಂದು ಗುರುತಿಸಬೇಕು. ಕೆನಡಾದ ಗಣಿತ ಶಿಕ್ಷಣ ತಜ್ಞ ಥಾಮಸ್ ಕೀರನ್ 1970ರ ದಶಕದಲ್ಲಿಯೇ ಭಿನ್ನರಾಶಿಗೆ ಒಂದಲ್ಲ, ಹಲವು ಅರ್ಥಗಳಿವೆ ಎಂದು ವಿಂಗಡಿಸಿ ತೋರಿಸಿದ್ದರು: ಅಳತೆ, ಭಾಗಾಕಾರದ ಫಲ, ಅನುಪಾತ, ಒಂದು ಪ್ರಮಾಣದ ಮೇಲೆ ನಡೆಸುವ ಕ್ರಿಯೆ ಇತ್ಯಾದಿ. ‘ಹನ್ನೆರಡರ ಕಾಲು’ ಎಂಬುದು ಮುಖ್ಯವಾಗಿ ಈ ಕೊನೆಯ ಅರ್ಥಕ್ಕೆ ಸೇರಿದ್ದು, ಮಿಕ್ಕವನ್ನು ಕಲಿಸಲು ಬೇರೆ ಸಾಧನಗಳು ಬೇಕು.

ಮಗುವಿಗೆ ವಿಷಯ ಅರ್ಥವಾಗಿದೆಯೇ ಎಂದು ತಿಳಿಯಲು ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಒಳ್ಳೆಯ ಉಪಾಯ. ಅಂಗೈಯಲ್ಲಿ ಐದು ಬೀಜಗಳನ್ನು ತೋರಿಸಿ, ‘ಇದು ನನ್ನ ಡಬ್ಬಿಯಲ್ಲಿರುವುದರ ಮೂರನೇ ಒಂದು ಭಾಗ, ಹಾಗಾದರೆ ಡಬ್ಬಿಯಲ್ಲಿ ಎಷ್ಟಿದ್ದವು?’ ಎಂದು ಕೇಳಿದಾಗ, ಐದರ ಪಕ್ಕದಲ್ಲಿ ಐದೈದರ ಇನ್ನೆರಡು ಗುಡ್ಡೆಗಳನ್ನು ಇಡುವ ಮಗುವಿಗೆ ಪಾಲು ಮತ್ತು ಪೂರ್ಣದ ಸಂಬಂಧ ತಿಳಿದಿದೆ. ‘ಆರರ ಅರ್ಧ ಹೆಚ್ಚೋ, ಇಪ್ಪತ್ತರ ಕಾಲು ಹೆಚ್ಚೋ?’ ಎಂಬುದು ಇಂಥದೇ ಇನ್ನೊಂದು ಪ್ರಶ್ನೆ. ಅರ್ಧವೇ ಯಾವಾಗಲೂ ದೊಡ್ಡದು ಎಂದು ನಂಬಿರುವ ಮಗು ಮೂರು ಮತ್ತು ಐದು ಬೀಜಗಳನ್ನು ಎದುರೆದುರು ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತದೆ.

ಹೀಗೆ ಭಾಗದಿಂದ ಪೂರ್ಣಕ್ಕೆ ಹೋಗುವ ಲೆಕ್ಕಗಳು ನಮ್ಮಲ್ಲಿ ಹೊಸವಲ್ಲ. 1150ರ ಸುಮಾರಿಗೆ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ದುಂಬಿಗಳ ಒಂದು ಪ್ರಸಿದ್ಧ ಸಮಸ್ಯೆ ಇದೆ. ದುಂಬಿಗಳ ಹಿಂಡಿನಲ್ಲಿ ಐದನೇ ಒಂದು ಭಾಗ ಕದಂಬಕ್ಕೆ ಹೋಯಿತು, ಮೂರನೇ ಒಂದು ಭಾಗ ಶಿಲೀಂಧ್ರವೆಂಬ ಹೂವಿಗೆ ಹೋಯಿತು, ಇವೆರಡರ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ ಹೋಯಿತು, ಒಂದು ದುಂಬಿ ಮಾತ್ರ ಉಳಿಯಿತು. ಹಿಂಡಿನಲ್ಲಿ ಎಷ್ಟು ದುಂಬಿಗಳಿದ್ದವು? ಬೀಜಗಣಿತವಿಲ್ಲದೆಯೂ ಇದನ್ನು ನೆಲದ ಮೇಲೆ ಬಿಡಿಸಬಹುದು. ಐದು ಪಾಲಾಗಿಯೂ ಮೂರು ಪಾಲಾಗಿಯೂ ಸಮನಾಗಿ ಹಂಚಬಹುದಾದ ಅತಿ ಚಿಕ್ಕ ಗುಂಪು ಹದಿನೈದು ಬೀಜಗಳದ್ದು, ಅದರಿಂದಲೇ ಪ್ರಯತ್ನಿಸಿ ನೋಡೋಣ ಎಂದು ನಾಲ್ಕನೆಯ ಅಥವಾ ಐದನೆಯ ತರಗತಿಯ ಮಕ್ಕಳಿಗೆ ಹೇಳಿದರೆ ಸಾಕು. ಐದನೇ ಒಂದು ಭಾಗ ಮೂರು, ಮೂರನೇ ಒಂದು ಭಾಗ ಐದು, ವ್ಯತ್ಯಾಸವಾದ ಎರಡರ ಮೂರರಷ್ಟು ಆರು. ಮೂರು, ಐದು, ಆರು ಎಂದು ಮೂರು ಗುಡ್ಡೆಗಳನ್ನು ಪಕ್ಕಕ್ಕಿಟ್ಟ ಮೇಲೆ ಒಂದು ಬೀಜ ಉಳಿಯುತ್ತದೆ; ಕೇದಗೆಯ ಮತ್ತು ಮಾಲತಿಯ ಪರಿಮಳಗಳ ನಡುವೆ ಯಾವ ಕಡೆ ಹೋಗಬೇಕೆಂದು ತಿಳಿಯದೆ ಹಾರಾಡುತ್ತಿದ್ದ ದುಂಬಿ ಅದೇ.